ಕಾನೂನು ಕಲಿಯುವವರ ಸಂಘಜೀವನ

ವಿದ್ಯಾರ್ಥಿ ಸಂಘವೆಂದೊಡನೆ ನಮ್ಮ ಹಿರಿಯರಲ್ಲಿ ಅನೇಕರು ಹುಬ್ಬು ಗಂಟಿಕ್ಕುವುದನ್ನು ನಾವು ಬಲ್ಲೆವು. ಸಂಘವೆಂದರೆ ಗುಂಪುಗಾರಿಕೆ, ಗುಂಪುಗಾರಿಕೆಯೆಂದರೆ ಜಗಳ, ಜಗಳವೆಂದರೆ ಓದಿಗೆ ತಿಲಾಂಜಲಿ ಎಂಬುದು ಅವರ ಲೆಕ್ಕಾಚಾರ. ಭಾಲ್ಕಿ ತಾಲ್ಲೂಕಿನ ಸಾಯಗಾಂವ ಸೀಮೆಗೆ ಶ್ರಾವಣದ ಪ್ರವಚನಕ್ಕೆ ಹೋದಾಗಲೆಲ್ಲ ಈ ಮಾತು ಒಂದಲ್ಲ ಒಂದು ಬಾಯಿಂದ ಬಂದೇ ಬರುತ್ತದೆ. "ಅಪ್ಪಾವರೆ, ಹುಡುಗನಿಗೆ ವಕೀಲಕಿ ಓದಿಸಬೇಕಂತ ಮಾಡೀವಿ. ಖರೇ, ಅಲ್ಲಿ ಸಂಘ, ಭಾಷಣ ಅಂತ ತಿರುಗಿದರೆ ಹುಡುಗ ಕೈಬಿಟ್ಟು ಹೋಗ್ತಾನೋ ಏನೋ" ಎಂದು ತಂದೆ ಚಿಂತೆಯಿಂದ ಕೇಳುತ್ತಾನೆ. ಎಕರೆ ಎರಡೆಕರೆ ತೊಗರಿ ಉದ್ದಿನ ಹೊಲದ ಮೇಲೆ ಬದುಕು ಕಟ್ಟಿಕೊಂಡವನು ಮಗನ ಐದು ವರ್ಷಗಳ ಓದಿಗೆ ಹಣ ಹೊಂದಿಸುವಾಗ ಇಂತಹ ಚಿಂತೆ ಸಹಜವೇ ಆಗಿದೆ. ಆ ಪ್ರಶ್ನೆಗೆ ಪ್ರವಚನದ ಗಡಿಬಿಡಿಯಲ್ಲಿ ಎರಡು ಮಾತು ಹೇಳಿ ಬರುವ ಬದಲು, ಮಠದ ಪ್ರಸಾದನಿಲಯಗಳಲ್ಲಿ ಓದಿ ಹೋದ ಹಳೆಯ ವಿದ್ಯಾರ್ಥಿಗಳೂ ಭಕ್ತರೂ ಓದುವ ಈ ಪುಟಗಳಲ್ಲಿ ನಿಧಾನವಾಗಿ ಉತ್ತರಿಸುವುದು ಮೇಲೆಂದು ಭಾವಿಸಿ ಈ ಬರಹಕ್ಕೆ ಕೈಹಚ್ಚಿದ್ದೇವೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಾನೂನಿನ ಕಲಮುಗಳನ್ನು ಪುಸ್ತಕದಿಂದ ಕಲಿಯಬಹುದು; ಎದುರು ಪಕ್ಷದ ಮಾತನ್ನು ಕೊನೆಯವರೆಗೆ ಕೇಳುವುದು, ಸೋತಾಗ ಮುಖ ಕೆಡಿಸಿಕೊಳ್ಳದಿರುವುದು, ಪರರ ಹಣಕ್ಕೆ ಲೆಕ್ಕ ಒಪ್ಪಿಸುವುದು ಇವನ್ನು ಮಾತ್ರ ಹತ್ತು ಜನರ ನಡುವೆಯೇ ಕಲಿಯಬೇಕು. ಕಾನೂನು ಮಹಾವಿದ್ಯಾಲಯದಲ್ಲಿ ಆ ಹತ್ತು ಜನರ ನಡುವೆ ಎಂದರೆ ವಿದ್ಯಾರ್ಥಿ ಸಂಘವೇ. ಮುಂದೆ ಹಳ್ಳಿಯ ಬಡವನೊಬ್ಬನು ವಕೀಲನ ಬಾಗಿಲಿಗೆ ಹೋದಾಗ ಅವನಿಗೆ ಎದುರಾಗುವುದು ಪದವಿಪತ್ರವಲ್ಲ, ಈ ಅಭ್ಯಾಸಗಳು.

ನಮ್ಮ ಸೀಮೆಯಲ್ಲಿ ಈ ಮಾತಿಗೆ ವಿಶೇಷವಾದ ಅರ್ಥವಿದೆ. ಬೀದರ ಜಿಲ್ಲೆ 1948ರ ಸೆಪ್ಟೆಂಬರವರೆಗೆ ನಿಜಾಮರ ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. ನಿಜಾಮರ ಆಳ್ವಿಕೆಯಲ್ಲಿ ಕಚೇರಿ ನ್ಯಾಯಾಲಯಗಳ ಭಾಷೆ ಉರ್ದು. ಕನ್ನಡ ಮರಾಠಿಗಳನ್ನಾಡುವ ರೈತನು ತನ್ನ ಹೊಲದ ಕಾಗದವನ್ನೇ ತಾನು ಓದಲಾರದೆ, ಓದಬಲ್ಲವನ ಮರ್ಜಿಯನ್ನು ಕಾಯಬೇಕಿತ್ತು. ದಾವಾ, ವಕಾಲತ್ತು, ಜಮಾನತ್ತು, ಪಂಚನಾಮೆ ಎಂಬ ಶಬ್ದಗಳು ಇಂದಿಗೂ ನಮ್ಮವರ ಬಾಯಲ್ಲಿ ಉಳಿದಿವೆ. ಆ ಕಾಲದಲ್ಲಿಯೂ ವಿದ್ಯಾರ್ಥಿಗಳು ಸುಮ್ಮನಿರಲಿಲ್ಲ. 1938ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ವಸತಿಗೃಹಗಳಲ್ಲಿ ವಂದೇ ಮಾತರಂ ಹಾಡಲು ಮುಂದಾದ ವಿದ್ಯಾರ್ಥಿಗಳನ್ನು ಹೊರಹಾಕಲಾಯಿತು. ಅವರಲ್ಲಿ ಅನೇಕರಿಗೆ ನಾಗಪುರ ವಿಶ್ವವಿದ್ಯಾಲಯ ಆಶ್ರಯ ನೀಡಿತು. ಮುಂದೆ ಪ್ರಧಾನಮಂತ್ರಿಗಳಾದ ಪಿ. ವಿ. ನರಸಿಂಹರಾಯರು ಹಾಗೆ ನಾಗಪುರಕ್ಕೆ ಹೋಗಿ ಓದಿದವರಲ್ಲಿ ಒಬ್ಬರು. ಕಾನೂನು ಪದವಿಯನ್ನು ಅವರು ಅಲ್ಲಿಯೇ ಪಡೆದರು. ಒಂದು ವಸತಿಗೃಹದಲ್ಲಿ ಕೂಡಿದ ತರುಣರ ಒಗ್ಗಟ್ಟು ಒಂದು ನಾಡಿನ ಚರಿತ್ರೆಯಲ್ಲಿ ನಿಂತ ಬಗೆ ಇದು.

ಭಾಷೆ ಬದಲಾದರೂ ಓದಲಾರದ ಕಾಗದದ ಕಷ್ಟ ಪೂರ್ತಿ ನೀಗಿಲ್ಲ. ಪ್ರವಚನ ಮುಗಿದು ಜನ ಚದುರಿದ ಮೇಲೆ ಯಾರಾದರೊಬ್ಬರು ಸೆರಗಿನಿಂದಲೋ ಧೋತರದ ಗಂಟಿನಿಂದಲೋ ಮಡಿಚಿದ ನೋಟೀಸೊಂದನ್ನು ತೆಗೆದು ನಮ್ಮ ಮುಂದಿಡುತ್ತಾರೆ. ಬ್ಯಾಂಕಿನದಿರಬಹುದು, ಭಾಲ್ಕಿಯ ನ್ಯಾಯಾಲಯದ್ದಿರಬಹುದು. ಸ್ವಾಮಿಗಳಾದವರು ಓದಬಲ್ಲರೆಂಬ ನಂಬಿಕೆ ಅವರದು. ಕಾನೂನು ಓದಿದ ಊರಿನ ಮಗನೊಬ್ಬನು ಹತ್ತಿರವಿದ್ದರೆ ಆ ನೋಟೀಸು ನಮ್ಮವರೆಗೆ ಬರುವ ಕಾರಣವಿರಲಿಲ್ಲ.

ನಾವು ಸಂಸ್ಕೃತ ಪಾಠಶಾಲೆಯ ಓದು ಮುಗಿಸಿ, ವಿಶ್ವವಿದ್ಯಾಲಯದ ಪದವಿ ಪಡೆದು, ಗುರುಗಳ ಅಪ್ಪಣೆಯಂತೆ ಕಾನೂನು ಮಹಾವಿದ್ಯಾಲಯವೊಂದಕ್ಕೆ ಸೇರಿದ್ದು 1990ರ ದಶಕದ ಆರಂಭದಲ್ಲಿ. ಬೆಳಗಿನ ಏಳು ಗಂಟೆಗೆ ತರಗತಿ, ಮಧ್ಯಾಹ್ನ ಗ್ರಂಥಾಲಯ, ಸಂಜೆ ಪ್ರಸಾದನಿಲಯದ ಪೂಜೆ ಪ್ರಸಾದ ಎಂಬುದು ಅಂದಿನ ದಿನಚರಿ. ಕಾವಿಯುಟ್ಟವನು ಬಂದು ಬೆಂಚಿನ ಮೇಲೆ ಕುಳಿತಾಗ ಸಹಪಾಠಿಗಳಿಗೆ ಏನೆಂದು ಕರೆಯಬೇಕೆಂಬುದೇ ತೋಚಲಿಲ್ಲ. ಕೆಲವರು ಎದ್ದು ನಿಂತರು, ಕೆಲವರು ದೂರ ಸರಿದರು. ಈ ಸಂಕೋಚವನ್ನು ಕಳೆದದ್ದು ವಿದ್ಯಾರ್ಥಿ ಸಂಘದ ಚರ್ಚಾಕೂಟ. ಶನಿವಾರ ಮಧ್ಯಾಹ್ನ ಅದು ಸೇರುತ್ತಿತ್ತು. ಅಲ್ಲಿ ಎದ್ದು ನಿಂತವನ ಮಾತಿಗೆ ಮಾತ್ರ ಬೆಲೆ. ಅವನ ಬಟ್ಟೆಗಾಗಲೀ, ಕುಲಕ್ಕಾಗಲೀ, ತಂದೆಯ ಜಮೀನಿಗಾಗಲೀ ಬೆಲೆಯಿರಲಿಲ್ಲ. ನಮ್ಮ ಮಾತು ಮುಗಿದೊಡನೆ ಎರಡನೆಯ ಸಾಲಿನಿಂದ ಒಬ್ಬನು ಎದ್ದು, "ಸ್ವಾಮಿಗಳು ಹೇಳಿದ್ದಕ್ಕೆ ಆಧಾರವೇನು?" ಎಂದು ನೇರವಾಗಿ ಕೇಳಿದಾಗ ಸಭೆ ಒಮ್ಮೆ ಸ್ತಬ್ಧವಾಯಿತು. ನಮಗಾದರೋ ಅದು ಪಾಠಶಾಲೆಯ ವಾಕ್ಯಾರ್ಥ ಸಭೆಯನ್ನೇ ನೆನಪಿಗೆ ತಂದಿತು. ಪೂರ್ವಪಕ್ಷವಿಲ್ಲದೆ ಸಿದ್ಧಾಂತವಿಲ್ಲವೆಂದು ಅಲ್ಲಿ ಕಲಿತದ್ದನ್ನೇ ಈ ತರುಣರು ಬೇರೆ ಮಾತಿನಲ್ಲಿ ಕೇಳುತ್ತಿದ್ದರು.

ಅಣಕು ನ್ಯಾಯಾಲಯವೆಂಬುದು ಆಗ ನಮ್ಮಲ್ಲಿ ಪರೀಕ್ಷೆಯ ವಿಷಯವಾಗಿರಲಿಲ್ಲ. ಸಂಘದ ಉತ್ಸಾಹದಿಂದ ನಡೆಯುತ್ತಿತ್ತು. ಚೀಟಿ ಎತ್ತಿ ಪಕ್ಷ ಹಂಚುವರು. ಒಂದು ವರ್ಷ ಸಾಲದ ಸುಳಿಗೆ ಸಿಕ್ಕ ರೈತನಿಗೂ ಬಡ್ಡಿಯ ವ್ಯಾಪಾರಿಗೂ ನಡೆದ ವ್ಯಾಜ್ಯವನ್ನು ವಿಷಯವಾಗಿ ಇರಿಸಿದ್ದರು. ನಮ್ಮ ಚೀಟಿಗೆ ಬಂದದ್ದು ವ್ಯಾಪಾರಿಯ ಪಕ್ಷ. ಮಠದಲ್ಲಿ ಬೆಳೆದು ರೈತರ ಕಷ್ಟವನ್ನೇ ಕಂಡ ನಮಗೆ ಅದು ಕಹಿಯೆನಿಸಿದರೂ ಎಂಟು ದಿನ ಕುಳಿತು ಆ ವ್ಯಾಪಾರಿಯ ಕಣ್ಣಿನಿಂದ ಕಾಗದಗಳನ್ನು ಓದಿದೆವು. ಒಪ್ಪಂದವೆಂದರೇನು, ಕೊಟ್ಟ ಮಾತಿಗೆ ಕಾನೂನಿನಲ್ಲಿ ಎಷ್ಟು ತೂಕ, ಸಾಕ್ಷ್ಯ ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎಂಬುದು ಆ ಎಂಟು ದಿನಗಳಲ್ಲಿ ತಿಳಿದಷ್ಟು ಒಂದು ವರ್ಷದ ಉಪನ್ಯಾಸಗಳಲ್ಲಿ ತಿಳಿದಿರಲಿಲ್ಲ. ಎದುರಾಳಿಯ ಬಲವನ್ನು ಅರಿತವನೇ ರೈತನನ್ನು ಉಳಿಸಬಲ್ಲನೆಂಬ ಪಾಠವೂ ಅಲ್ಲಿಯೇ ದೊರೆಯಿತು.

ನಮ್ಮ ನ್ಯಾಯಶಾಸ್ತ್ರವು ಮಾತುಕತೆಯನ್ನು ಮೂರು ಬಗೆಯಾಗಿ ವಿಂಗಡಿಸಿದೆ. ಸತ್ಯವನ್ನು ತಿಳಿಯಲೆಂದು ನಡೆಸುವುದು ವಾದ. ಹೇಗಾದರೂ ಗೆಲ್ಲಲೆಂದು ನಡೆಸುವುದು ಜಲ್ಪ. ತನ್ನದೊಂದು ಪಕ್ಷವನ್ನೇ ಸ್ಥಾಪಿಸದೆ ಎದುರಿನವನನ್ನು ಕೆಡವಲೆಂದೇ ನಡೆಸುವುದು ವಿತಂಡ. ಗೌತಮರ ನ್ಯಾಯಸೂತ್ರಗಳಲ್ಲಿ ಈ ಮೂರರ ಲಕ್ಷಣಗಳು ಸ್ಪಷ್ಟವಾಗಿವೆ. ವಿದ್ಯಾರ್ಥಿ ಸಂಘಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಕೋಲು ನಮಗೆ ಕಂಡಿಲ್ಲ. ವಾದ ನಡೆಯುವ ಸಂಘ ವಿದ್ಯಾಲಯದ ಭೂಷಣ. ಜಲ್ಪಕ್ಕಿಳಿದ ಸಂಘ ಬಹುಮಾನದ ಕಪ್ಪುಗಳನ್ನು ತರಬಹುದು, ಬುದ್ಧಿಯನ್ನು ತರಲಾರದು. ವಿತಂಡಕ್ಕಿಳಿದ ಸಂಘ ತನ್ನನ್ನೂ ವಿದ್ಯಾಲಯವನ್ನೂ ಕೆಡಿಸುತ್ತದೆ. ಹಿರಿಯರು ಹೆದರುವುದು ಈ ಮೂರನೆಯದಕ್ಕೆ. ಆದರೆ ಅದರ ಹೆದರಿಕೆಯಿಂದ ಮೊದಲನೆಯದನ್ನೂ ಮಕ್ಕಳಿಗೆ ತಪ್ಪಿಸುತ್ತಾರೆ.

ಹಣದ ಲೆಕ್ಕದ ಸಂಗತಿಯೊಂದು ನೆನಪಾಗುತ್ತದೆ. ಸಂಘದ ವಾರ್ಷಿಕ ಸ್ನೇಹಸಮ್ಮೇಳನ ಮುಗಿದ ಮೇಲೆ ನಡೆದ ಸಭೆಯಲ್ಲಿ ಕಿರಿಯ ತರಗತಿಯ ವಿದ್ಯಾರ್ಥಿಯೊಬ್ಬನು ಎದ್ದು, ಪ್ರತಿಯೊಬ್ಬರಿಂದ ಎತ್ತಿದ ವಂತಿಗೆ ಎಷ್ಟು, ಮಂಟಪಕ್ಕೆ ಎಷ್ಟು, ಊಟಕ್ಕೆ ಎಷ್ಟು ಎಂದು ಕೇಳಿದನು. ಕಾರ್ಯದರ್ಶಿಯು ಪ್ರತಿಭಾವಂತ, ಪ್ರಾಮಾಣಿಕ. ಆದರೂ ಕಿರಿಯನು ಕೇಳಿದ್ದು ಅವನಿಗೆ ಅಪಮಾನವೆನಿಸಿತು. ಕೆಲವರು ಆ ಕಿರಿಯನನ್ನು ಗದರಿಸಿ ಕೂಡಿಸಲು ನೋಡಿದರು. ಆಗ ಅಧ್ಯಕ್ಷಸ್ಥಾನದಲ್ಲಿದ್ದ ಅಧ್ಯಾಪಕರು ಶಾಂತವಾಗಿ, "ಅವನು ನಿನ್ನನ್ನು ಕಳ್ಳನೆಂದಿಲ್ಲ, ಲೆಕ್ಕ ಕೇಳಿದ್ದಾನೆ. ಇವೆರಡರ ಅಂತರ ತಿಳಿಯದವನು ವಕೀಲನಾಗಲಾರ" ಎಂದರು. ಹದಿನೈದು ದಿನಗಳಲ್ಲಿ ಪೈಸೆ ಪೈಸೆಯ ಲೆಕ್ಕ ಸೂಚನಾಫಲಕದ ಮೇಲೆ ಬಂತು. ಕೇಳಿದವನೂ ಕೇಳಿಸಿಕೊಂಡವನೂ ಆಮೇಲೆ ಒಳ್ಳೆಯ ಸ್ನೇಹಿತರಾದರು. ಕಕ್ಷಿದಾರನ ಹಣವನ್ನು ಕೈಯಲ್ಲಿ ಹಿಡಿಯುವ ವೃತ್ತಿಗೆ ಇದಕ್ಕಿಂತ ಮಿಗಿಲಾದ ಶಿಕ್ಷಣವುಂಟೇ?

ಚುನಾವಣೆಯ ವಿಷಯಕ್ಕೆ ಬರೋಣ. ಭಾರತದ ಸಂವಿಧಾನದ 19ನೆಯ ಅನುಚ್ಛೇದವು ನಾಗರಿಕರಿಗೆ ಸಂಘಗಳನ್ನು ಕಟ್ಟಿಕೊಳ್ಳುವ ಹಕ್ಕನ್ನು ಕೊಟ್ಟಿದೆ. ಅದರ ಜೊತೆಗೇ ಸಾರ್ವಜನಿಕ ಸುವ್ಯವಸ್ಥೆ, ನೀತಿ ಮೊದಲಾದವುಗಳ ಹಿತದೃಷ್ಟಿಯಿಂದ ಯುಕ್ತವಾದ ನಿರ್ಬಂಧಗಳಿಗೂ ಎಡೆಯಿಟ್ಟಿದೆ. ಸಂವಿಧಾನದ 61ನೆಯ ತಿದ್ದುಪಡಿಯಿಂದ 1989ರ ಮಾರ್ಚಿನಲ್ಲಿ ಮತದಾನದ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಯಿತು. ಸುಮಾರು ಅದೇ ಹೊತ್ತಿಗೆ, 1989-90ರಲ್ಲಿ, ಕಾಲೇಜುಗಳಲ್ಲಿ ನಡೆಯುತ್ತಿದ್ದ ಹೊಡೆದಾಟಗಳ ಕಾರಣದಿಂದ ಕರ್ನಾಟಕದಲ್ಲಿ ವಿದ್ಯಾರ್ಥಿ ಸಂಘಗಳ ನೇರ ಚುನಾವಣೆಗಳು ನಿಂತುಹೋದವು. ವಿಧಾನಸಭೆಗೆ ಮತ ಹಾಕಬಲ್ಲ ಹದಿನೆಂಟರ ತರುಣನು ತನ್ನ ತರಗತಿಯ ಪ್ರತಿನಿಧಿಯನ್ನು ಆರಿಸಲಾರದವನಾದನು! ನಾವು ಓದುವಾಗ ಅಂಕಗಳ ಆಧಾರದ ಮೇಲೆ ಪ್ರಾಚಾರ್ಯರೇ ಪದಾಧಿಕಾರಿಗಳನ್ನು ನೇಮಿಸುತ್ತಿದ್ದರು. ಗಲಾಟೆ ನಿಂತದ್ದು ನಿಜ. ಆದರೆ ಹೆಚ್ಚು ಅಂಕ ಪಡೆದವನು ಎಲ್ಲರ ಪ್ರತಿನಿಧಿಯಾಗುವುದಿಲ್ಲ. ತನ್ನನ್ನು ಆರಿಸದವರಿಗೆ ಉತ್ತರ ಹೇಳಬೇಕೆಂಬ ಭಾವನೆಯೂ ಅವನಲ್ಲಿ ಸುಲಭವಾಗಿ ಹುಟ್ಟುವುದಿಲ್ಲ.

ನಿಷೇಧಕ್ಕೂ ಸ್ವೇಚ್ಛೆಗೂ ನಡುವೆ ಒಂದು ಹಾದಿ ಇದೆ. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ. ಎಂ. ಲಿಂಗ್ಡೋ ಅವರ ಅಧ್ಯಕ್ಷತೆಯ ಸಮಿತಿಯು ವಿದ್ಯಾರ್ಥಿ ಚುನಾವಣೆಗಳಿಗೆ ನೀತಿಯೊಂದನ್ನು ರೂಪಿಸಿತು. 2006ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಪಾಲಿಸುವಂತೆ ಆದೇಶಿಸಿತು. ಅಭ್ಯರ್ಥಿಗೆ ಶೇಕಡಾ 75ರಷ್ಟು ಹಾಜರಾತಿ ಬೇಕು, ಒಬ್ಬನು ಮಾಡುವ ವೆಚ್ಚ 5,000 ರೂಪಾಯಿ ಮೀರಬಾರದು, ಮುದ್ರಿತ ಭಿತ್ತಿಪತ್ರಗಳು ಕೂಡದು, ಜಾತಿ ಮತಗಳ ಹೆಸರಿನಲ್ಲಿ ಮತ ಕೇಳಬಾರದು ಎಂಬಿವು ಅದರ ಮುಖ್ಯ ನಿಯಮಗಳಲ್ಲಿ ಸೇರಿವೆ. ದೊಡ್ಡವರ ಚುನಾವಣೆಗಳೂ ಈ ನಿಯಮಗಳನ್ನು ಕಂಡು ನಾಚಬೇಕು. ನಮ್ಮ ರಾಜ್ಯದಲ್ಲಿ ವಿದ್ಯಾರ್ಥಿ ಚುನಾವಣೆಗಳನ್ನು ಮರಳಿ ತರುವ ಮಾತು 2025ರಲ್ಲಿ ಅಧಿಕಾರದಲ್ಲಿದ್ದವರಿಂದಲೇ ಕೇಳಿಬಂತು. ತರುವುದಾದರೆ ಈ ಕಟ್ಟುಪಾಡಿನೊಡನೆ ತರಲಿ. ಮತ್ತು ಮೊದಲು ಕಾನೂನು ಮಹಾವಿದ್ಯಾಲಯಗಳಲ್ಲಿ ತರಲಿ. ನಿಯಮವನ್ನು ಓದುವವರೇ ನಿಯಮದಂತೆ ನಡೆದು ತೋರಿಸಲಾರದಿದ್ದರೆ ಉಳಿದವರಿಂದ ಏನನ್ನು ನಿರೀಕ್ಷಿಸುವುದು?

ಸಂಘಜೀವನವನ್ನು ಓದಿನ ಅಂಗವಾಗಿಯೇ ಬೆಳೆಸಿದ ನಿದರ್ಶನ ನಮ್ಮ ರಾಜ್ಯದಲ್ಲಿಯೇ ಉಂಟು. ಬೆಂಗಳೂರಿನ ನಾಗರಬಾವಿಯಲ್ಲಿರುವ ಭಾರತೀಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಐದು ವರ್ಷಗಳ ಶಿಕ್ಷಣಕ್ರಮದ ಮೊದಲ ತಂಡ 1988ರಲ್ಲಿ ಓದನ್ನು ಆರಂಭಿಸಿತು. ಅದರ ಸ್ಥಾಪಕ ನಿರ್ದೇಶಕರು ಎನ್. ಆರ್. ಮಾಧವ ಮೆನನ್ ಅವರು. ಅಲ್ಲಿ ವಿದ್ಯಾರ್ಥಿಗಳ ಬಾರ್ ಅಸೋಸಿಯೇಷನ್ ಎಂಬ ಸಂಘವಿದೆ. ಅಣಕು ನ್ಯಾಯಾಲಯ, ಚರ್ಚೆ, ಕ್ರೀಡೆ, ಸಾಂಸ್ಕೃತಿಕ ಚಟುವಟಿಕೆ, ಕಾನೂನು ನೆರವು ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಸಮಿತಿಯನ್ನು ವಿದ್ಯಾರ್ಥಿಗಳೇ ನಡೆಸುತ್ತಾರೆ. ಅಂತರರಾಷ್ಟ್ರೀಯ ಕಾನೂನನ್ನು ಕುರಿತು ಅಮೆರಿಕೆಯಲ್ಲಿ ನಡೆಯುವ ಜೆಸಪ್ ಅಣಕು ನ್ಯಾಯಾಲಯ ಸ್ಪರ್ಧೆಯಲ್ಲಿ ಅಲ್ಲಿಯ ವಿದ್ಯಾರ್ಥಿಗಳು 1999ರಲ್ಲಿಯೂ 2013ರಲ್ಲಿಯೂ ಜಗತ್ತಿಗೇ ಮೊದಲಿಗರಾದರು. ಇನ್ನು ಹಳೆಯ ಸಂಸ್ಥೆಗಳಲ್ಲಿ ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಮಹಾವಿದ್ಯಾಲಯ 1939ರಷ್ಟು ಹಿಂದಿನದು. 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದ ಇ. ಎಸ್. ವೆಂಕಟರಾಮಯ್ಯನವರು ಅಲ್ಲಿ ಓದಿದವರು.

ನಮ್ಮ ಭಾಗದ ಮಕ್ಕಳಲ್ಲಿ ಎಲ್ಲರಿಗೂ ಬೆಂಗಳೂರು ಎಟುಕುವುದಿಲ್ಲ. ಅನೇಕರು ಹೋಗುವುದು ಕಲಬುರಗಿಗೆ. ಅಲ್ಲಿಯ ಸೇಠ್ ಶಂಕರಲಾಲ್ ಲಾಹೋಟಿ ಕಾನೂನು ಮಹಾವಿದ್ಯಾಲಯದ ಹೆಸರು ನಮ್ಮವರಿಗೆಲ್ಲ ಪರಿಚಿತ. ಹಿಂದೆ ಹುಮನಾಬಾದಿನ ಮೇಲೆ ಬಸ್ಸು ಹಿಡಿದು ಹೋಗಬೇಕಿತ್ತು. 2017ರಲ್ಲಿ ಬೀದರ-ಕಲಬುರಗಿ ರೈಲು ಮಾರ್ಗ ತೆರೆದ ಮೇಲೆ ಹಾದಿ ಸುಗಮವಾಗಿದೆ. ಉಚ್ಚ ನ್ಯಾಯಾಲಯದ ಪೀಠವೂ 2008ರಲ್ಲಿ ಸಂಚಾರಿಯಾಗಿ ಕಲಬುರಗಿಗೆ ಬಂದು 2013ರಲ್ಲಿ ಖಾಯಂ ಆಯಿತು. ಹಾದಿ ಹತ್ತಿರವಾದರೂ ಹಳ್ಳಿಯ ವಿದ್ಯಾರ್ಥಿಗೆ ಇಂಗ್ಲಿಷಿನ ಅಂಜಿಕೆ ಹೋಗಿಲ್ಲ. 2009ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವು ಕನ್ನಡದಲ್ಲಿ ಪರೀಕ್ಷೆ ಬರೆಯಲು ಅವಕಾಶ ಕೊಟ್ಟಿದೆ. ಆದರೆ ಬರೆಯುವ ಅವಕಾಶ ಬೇರೆ, ಮಾತನಾಡುವ ಧೈರ್ಯ ಬೇರೆ.

ನಮ್ಮೊಡನೆ ಗಡಿಭಾಗದ ಹಳ್ಳಿಯಿಂದ ಬಂದ ಸಹಪಾಠಿಯೊಬ್ಬನಿದ್ದನು. ಮನೆಮಾತು ಮರಾಠಿ, ಶಾಲೆಯ ಮಾತು ಕನ್ನಡ, ತರಗತಿಯ ಮಾತು ಇಂಗ್ಲಿಷು. ಮೂರು ಭಾಷೆಗಳ ನಡುವೆ ಸಿಕ್ಕಿ ಒಂದು ವರ್ಷ ಅವನು ಕೊನೆಯ ಬೆಂಚಿನಿಂದ ಬಾಯಿ ತೆರೆಯಲಿಲ್ಲ. ಸಂಘದವರು ತಿಂಗಳಿಗೊಮ್ಮೆ ಕನ್ನಡ ಚರ್ಚೆಯನ್ನಿಡಲು ಆರಂಭಿಸಿದಾಗ ಅವನು ಎದ್ದನು. ಜಮೀನಿನ ಬಾಂದುಗಲ್ಲು ಕಿತ್ತ ವ್ಯಾಜ್ಯದ ಬಗ್ಗೆ, ತನ್ನ ಊರಿನಲ್ಲಿ ಕಣ್ಣಾರೆ ಕಂಡವನಂತೆ, ಅಂದು ಅವನಾಡಿದ ಮಾತಿಗೆ ಇಡೀ ಸಭೆ ತಲೆದೂಗಿತು. ತರಗತಿಯಲ್ಲಿ ದಡ್ಡನೆನಿಸಿಕೊಂಡವನಿಗೆ ಎಲ್ಲರಿಗಿಂತ ಹೆಚ್ಚು ಕಾನೂನು ಗೊತ್ತಿತ್ತು, ಅದನ್ನು ಹೇಳುವ ಎಡೆ ಇರಲಿಲ್ಲವಷ್ಟೇ. ಇಂಗ್ಲಿಷನ್ನು ಅವನು ಮುಂದೆ ಕಲಿತನು; ಆದರೆ ನಿಂತು ಮಾತನಾಡುವುದನ್ನು ಕಲಿಸಿದ್ದು ಆ ಚರ್ಚೆ.

ಸಂಘದ ಕೆಲಸ ವಿದ್ಯಾಲಯದ ಗೋಡೆಯೊಳಗೆ ಮುಗಿಯಬಾರದು. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳು ಪ್ರತಿಯೊಂದು ಕಾನೂನು ಮಹಾವಿದ್ಯಾಲಯದಲ್ಲಿ ಕಾನೂನು ನೆರವು ಕೇಂದ್ರವಿರಬೇಕೆಂದೂ, ಹಿರಿಯ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳ ಸಹಕಾರದಿಂದ ಅದು ನಡೆಯಬೇಕೆಂದೂ ವಿಧಿಸಿವೆ. ಇತ್ತ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮವು 1995ರ ನವೆಂಬರಿನಿಂದ ಜಾರಿಯಲ್ಲಿದೆ. ಅದರ 12ನೆಯ ಕಲಮಿನಂತೆ ಪರಿಶಿಷ್ಟ ಜಾತಿ ಪಂಗಡದವರು, ಹೆಣ್ಣುಮಕ್ಕಳು, ಮಕ್ಕಳು, ಅಂಗವಿಕಲರು, ಕಾರ್ಮಿಕರು ಮೊದಲಾದವರಿಗೆ ಸರಕಾರದ ವೆಚ್ಚದಲ್ಲಿ ವಕೀಲರು ದೊರೆಯುತ್ತಾರೆ. ಹೆಣ್ಣುಮಗಳಾದರೆ ಆದಾಯದ ಪ್ರಶ್ನೆಯೂ ಇಲ್ಲ. ಇಷ್ಟು ಒಳ್ಳೆಯ ಕಾನೂನು ಪುಸ್ತಕದಲ್ಲಿದೆ. ಅದು ಇದೆಯೆಂಬ ಸುದ್ದಿ ಮಾತ್ರ ಎಷ್ಟೋ ಮನೆಗಳಿಗೆ ತಲುಪಿಲ್ಲ.

ಕೆಲವು ವರ್ಷಗಳ ಹಿಂದೆ ಸಾಯಗಾಂವದ ಕಡೆಗೆ ಹೋಗುವಾಗ ಕಾನೂನು ಓದುತ್ತಿದ್ದ ಮೂವರು ವಿದ್ಯಾರ್ಥಿಗಳನ್ನು ಜೊತೆಗೆ ಕರೆದುಕೊಂಡೆವು. ಗುಡಿಯ ಕಟ್ಟೆಯ ಮೇಲೆ ಅವರು ಕುಳಿತರು. ಗಂಡನನ್ನು ಕಳೆದುಕೊಂಡ ತಾಯಿಯೊಬ್ಬಳು ನ್ಯಾಯಾಲಯದ ಸಮನ್ಸನ್ನು ತಂದಳು. ಮೈದುನರು ಹೊಲದ ಪಾಲಿಗಾಗಿ ದಾವೆ ಹೂಡಿದ್ದರು. ಹಾಜರಾಗಬೇಕಾದ ದಿನಕ್ಕೆ ಇನ್ನು ಒಂದು ವಾರವಿತ್ತು. ಆಕೆ ಅದನ್ನು ದೇವರ ಮಾಡಿನಲ್ಲಿಟ್ಟು ದಿನಾ ಕೈಮುಗಿಯುತ್ತಿದ್ದಳಂತೆ! ಹಾಜರಾಗದಿದ್ದರೆ ನ್ಯಾಯಾಲಯವು ಏಕಪಕ್ಷೀಯವಾಗಿ ಮುಂದುವರಿಯಬಹುದೆಂಬುದು ಆಕೆಗೆ ತಿಳಿಯದು. ವಿದ್ಯಾರ್ಥಿಗಳಲ್ಲೊಬ್ಬನು ಆಕೆ ಹೇಳಿದ್ದನ್ನೆಲ್ಲ ಬರೆದುಕೊಂಡು, ಬರೆದದ್ದನ್ನು ಆಕೆಗೇ ಓದಿ ಹೇಳಿ, "ಅವ್ವಾ, ನೀವು ಹೇಳಿದ್ದು ಇದೇ ಹೌದಲ್ಲರೀ?" ಎಂದು ಕೇಳಿದನು. ಎರಡು ಕಡೆ ಆಕೆ ತಿದ್ದಿದಳು. ಈ ರೀತಿ ಎಲ್ಲಿ ಕಲಿತೆ ತಮ್ಮಾ ಎಂದು ಕೇಳಿದಾಗ, "ಸಂಘದ ನಡಾವಳಿ ಬರೆದು ಮುಂದಿನ ಸಭೆಯಲ್ಲಿ ಓದಿ ಒಪ್ಪಿಗೆ ತಗೋತೀವಿ ಅಪ್ಪಾವರೆ, ಅದೇ ರೂಢಿ" ಎಂದನು. ಮರುದಿನ ಅವರೇ ಆಕೆಯನ್ನು ಭಾಲ್ಕಿಯ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಕರೆದೊಯ್ದರು. ವಕೀಲರು ದೊರೆತರು, ನಿಗದಿಯಾದ ದಿನ ಆಕೆ ನ್ಯಾಯಾಲಯದಲ್ಲಿದ್ದಳು. ವ್ಯಾಜ್ಯ ಇಂತಹವರ ಪರವಾಗಿಯೇ ಮುಗಿಯಬೇಕೆಂದು ನಾವು ಹೇಳುವುದಿಲ್ಲ. ಅದು ನ್ಯಾಯಾಧೀಶರ ಕೆಲಸ. ಆಕೆಯ ಮಾತನ್ನು ಕೇಳದೆ ಮುಗಿಯಬಾರದು ಎಂಬುದಷ್ಟೇ ನಮ್ಮ ಮಾತು.

ಈಗ ಮೂರು ಬಗೆಯ ಜನರಿಗೆ ಮೂರು ಮಾತುಗಳನ್ನು ಹೇಳಬೇಕು. ತಂದೆತಾಯಿಗಳೇ, ಮಗನೋ ಮಗಳೋ ಸಂಘಕ್ಕೆ ಸೇರಿದೆನೆಂದರೆ ಬೆದರಬೇಡಿ. ಅಲ್ಲಿ ಏನು ಕೆಲಸ ಮಾಡುತ್ತೀ, ಲೆಕ್ಕ ಯಾರಿಗೆ ಒಪ್ಪಿಸುತ್ತೀ, ಎದುರು ಮಾತಾಡಿದವನೊಡನೆ ಊಟಕ್ಕೆ ಕೂಡುತ್ತೀಯಾ ಎಂದು ಕೇಳಿ. ಈ ಮೂರಕ್ಕೂ ಸರಿಯಾದ ಉತ್ತರ ಬಂದರೆ ಮಗು ಸರಿಯಾದ ದಾರಿಯಲ್ಲಿದೆಯೆಂದು ತಿಳಿಯಿರಿ. ವಿದ್ಯಾಲಯಗಳನ್ನು ನಡೆಸುವವರಲ್ಲಿ ನಮ್ಮ ವಿನಂತಿಯೆಂದರೆ, ಸಂಘವನ್ನು ವರ್ಷಕ್ಕೊಮ್ಮೆ ಹಾರ ತುರಾಯಿಗಳ ಉದ್ಘಾಟನೆಗೆ ಸೀಮಿತಗೊಳಿಸಬೇಡಿ; ಅದಕ್ಕೊಂದು ಕೋಣೆ, ಒಂದು ನಡಾವಳಿ ಪುಸ್ತಕ, ಒಬ್ಬ ಸಹನಶೀಲ ಅಧ್ಯಾಪಕ ಇವಿಷ್ಟನ್ನು ಒದಗಿಸಿ. ಕನ್ನಡದಲ್ಲಿ ಮಾತನಾಡುವ ಮಗುವಿಗೂ ವೇದಿಕೆಯಲ್ಲಿ ಜಾಗವಿರಲಿ.

ವಿದ್ಯಾರ್ಥಿಗಳಿಗೆ ಹೇಳುವುದು ಸ್ವಲ್ಪ ಕಠಿಣವಾದ ಮಾತು. ಸಂಘವು ನಿಮ್ಮ ಜಾತಿಯ ಬಲ ತೋರಿಸುವ ಕಣವೂ ಅಲ್ಲ, ಯಾವುದೋ ಪಕ್ಷದ ಬಾಗಿಲು ಕಾಯುವ ತಾಣವೂ ಅಲ್ಲ. ಇಂದು ನೀವು ಸಭೆಯಲ್ಲಿ ಒಬ್ಬನ ಮಾತನ್ನು ಕೂಗಿ ಅಡಗಿಸಿದರೆ, ನಾಳೆ ನ್ಯಾಯಾಲಯದಲ್ಲಿ ನಿಮ್ಮ ಕಕ್ಷಿದಾರನ ಮಾತು ಅಡಗಿದಾಗ ಯಾವ ಮುಖದಿಂದ ಆಕ್ಷೇಪಿಸುವಿರಿ? ಉಭಯ ಪಕ್ಷಗಳನ್ನು ಕೇಳಿಯೇ ತೀರ್ಮಾನಿಸಬೇಕೆಂಬುದು ನೀವು ಮೊದಲ ವರ್ಷದಲ್ಲಿಯೇ ಓದುವ ಸಹಜ ನ್ಯಾಯದ ತತ್ವ. ಅದನ್ನು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಬರೆದು ಸಂಘದ ಕೋಣೆಯಲ್ಲಿ ಮರೆಯುವುದು ವಿದ್ಯೆಯಾಗದು.

ಗಡಿಯ ಹಳ್ಳಿಗಳಿಂದ ಹೊರಟು ಕರಿಯ ಕೋಟು ತೊಡುವ ಮಕ್ಕಳ ಸಂಖ್ಯೆ ಹೆಚ್ಚಲಿ. ಅವರು ವಾದವನ್ನು ಬಲ್ಲವರಾಗಲಿ, ಜಲ್ಪಕ್ಕೆ ಇಳಿಯದಿರಲಿ, ವಿತಂಡವನ್ನು ದೂರವಿಡಲಿ. ರಜೆಗೆ ಊರಿಗೆ ಬಂದಾಗ ಒಂದು ದಿನವಾದರೂ ಕಟ್ಟೆಯ ಮೇಲೆ ಕುಳಿತು ಓದಲಾರದವರ ಕಾಗದಗಳನ್ನು ಓದಿ ಹೇಳಲಿ. ಹಳೆಯ ವಿದ್ಯಾರ್ಥಿಗಳಲ್ಲಿ ವಕೀಲರಾಗಿರುವವರು ಈ ಕಿರಿಯರಿಗೆ ಬೆನ್ನೆಲುಬಾಗಿ ನಿಲ್ಲಲಿ ಎಂದು ಮನಸಾರೆ ಹಾರೈಸುತ್ತೇವೆ.